ಏಳನೆಯ ಕಾಲಮ್ಮಿನ ಡಿಯೊಡ್ಯಾಂಡ್ ಮಹಾಶಯರಿಗೆ, ಒಂದು ಏಣಿಯ ವಿಷಯವಾಗಿ

ಮಾನ್ಯರೇ,

ತಮ್ಮ ವಿಳಾಸ ಯಾರಿಗೂ ಗೊತ್ತಿಲ್ಲದ ಕಾರಣ ಈ ಪತ್ರವನ್ನು ಜಪ್ತಿ ಮಾಲುಗಳ ಉಗ್ರಾಣದ ಹೊರಗೋಡೆಯಲ್ಲಿರುವ ಸೂಚನಾ ಫಲಕಕ್ಕೆ ಅಂಟಿಸುತ್ತಿದ್ದೇನೆ. ತಮಗಿಂತ ಮೊದಲು ದಾರಿಹೋಕರು ಓದಿಬಿಟ್ಟರೆ ಬೇಸರಿಸಬಾರದು. ತಾವು ಇಂಗ್ಲಿಷ್ ಭಾಷೆಯ ಬಹಳ ಹಳೆಯ, ಬಹಳ ಘನವಂತ ಪದ. ನಾನು ಅಂಗಡಿಗಳ ನಾಮಫಲಕ ಬರೆದು ಹೊಟ್ಟೆ ಹೊರೆಯುವ ಹೆಂಗಸು. ಇಪ್ಪತ್ತು ವರ್ಷಗಳಲ್ಲಿ ಸಾವಿರಾರು ಪದಗಳನ್ನು ಗೋಡೆಯ ಮೇಲೆ ಬರೆದಿದ್ದರೂ ಒಂದು ಪದಕ್ಕೇ ಪತ್ರ ಬರೆಯುತ್ತಿರುವುದು ಇದೇ ಮೊದಲಾದ್ದರಿಂದ, ಸಂಬೋಧನೆಯಲ್ಲಿ ಹೆಚ್ಚುಕಡಿಮೆ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ತಮ್ಮ ಹೆಸರಿನ ಹಿಂದೆ 'ಶ್ರೀ' ಎಂದು ಹಾಕಬೇಕೋ 'ದಿವಂಗತ' ಎಂದು ಹಾಕಬೇಕೋ ಎಂಬುದು ನನಗೆ ಇನ್ನೂ ತಿಳಿದಿಲ್ಲ. ಅದರ ಕಾರಣವನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ಅಪ್ಪನನ್ನು ಇಡೀ ಪೇಟೆ 'ಗೀಟು ಮಾಸ್ತರು' ಎಂದು ಕರೆಯುತ್ತಿತ್ತು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಅಳತೆಕೋಲಿಲ್ಲದೆ, ದಾರ ಹಿಡಿಯದೆ, ತೋಳು ಚಾಚಿದಷ್ಟು ಉದ್ದದ ಗೀಟನ್ನು ಒಂದೇ ಉಸಿರಿಗೆ ನೆಟ್ಟಗೆ ಎಳೆಯುತ್ತಿದ್ದರು, ಅಷ್ಟೆ. ಎಡದ ತೋಳನ್ನು ಏಣಿಯ ಮೆಟ್ಟಿಲಿನ ಮೇಲಿಂದ ಒಳಕ್ಕೆ ತೂರಿಸಿ, ಮೆಟ್ಟಿಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬಲಗೈಯಿಂದ ಬರೆಯುವುದು ಅವರ ರೂಢಿ. ಗೀಟು ಎಳೆದಾದ ಮೇಲೆ ಕೆನ್ನೆಯನ್ನು ಗೋಡೆಗೆ ಆನಿಸಿ, ಒಂದು ಕಣ್ಣು ಮುಚ್ಚಿ, ಗೀಟಿನ ಈ ತುದಿಯಿಂದ ಆ ತುದಿಯವರೆಗೆ ನೋಡುತ್ತಾ ನಿಂತುಬಿಡುತ್ತಿದ್ದರು. ಆ ಹೊತ್ತಿನಲ್ಲಿ ಅವರನ್ನು ಮಾತನಾಡಿಸುವ ಧೈರ್ಯ ಯಾರಿಗೂ ಇರಲಿಲ್ಲ. ಹನ್ನೊಂದು ತಿಂಗಳ ಹಿಂದೆ ಒಂದು ಬೆಳಗ್ಗೆ ಕನ್ನಡಕದ ಅಂಗಡಿಯ ಗೋಡೆಯ ಮೇಲೆ ಹೆಸರು ಬರೆದು ಮುಗಿಸಿ, ಅದರ ಅಡಿಗೆ ಅರ್ಧ ಗೀಟು ಎಳೆದಿದ್ದಾಗ ಅವರ ಹೃದಯ ನಿಂತಿತು. ಅವರು ಕೆಳಗೆ ಬೀಳಲಿಲ್ಲ. ಐದನೆಯ ಮೆಟ್ಟಿಲಲ್ಲಿ ಕಾಲು, ಒಂಬತ್ತನೆಯ ಮೆಟ್ಟಿಲಲ್ಲಿ ತೋಳು, ಗೋಡೆಯಲ್ಲಿ ಕೆನ್ನೆ, ಹೀಗೆ ಇದ್ದಲ್ಲೇ ಇದ್ದರು. "ಗೀಟು ನೋಡ್ತಾ ಇದಾರೆ ಅಂದ್ಕೊಂಡು ಹತ್ತು ನಿಮಿಷ ನಾನು ಮಾತಾಡಿಸ್ಲೇ ಇಲ್ಲಮ್ಮ" ಎಂದು ಕನ್ನಡಕದ ಅಂಗಡಿಯವರು ಈಗಲೂ ನನ್ನನ್ನು ಕಂಡಾಗಲೆಲ್ಲ ತಮ್ಮದೇ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಹೃದಯಾಘಾತವೆಂದು ವೈದ್ಯರು ಬರೆದುಕೊಟ್ಟರು. ತಾವು ಪ್ರವೇಶಿಸದೆ ಇದ್ದಿದ್ದರೆ ವಿಷಯ ಅಲ್ಲಿಗೆ ಮುಗಿಯುತ್ತಿತ್ತು.

ಕೆಲಸದ ಮೇಲಿದ್ದವರು ಸತ್ತರೆ ಹತ್ತಿರವಿದ್ದ ವಸ್ತುವನ್ನು ಒಯ್ಯುವುದು ಪದ್ಧತಿಯೆಂದು ಹೇಳಿ, ತನಿಖೆಗೆ ಬಂದವರು ನಮ್ಮ ಏಣಿಯನ್ನು ಗಾಡಿಗೆ ಏರಿಸಿ ಉಗ್ರಾಣಕ್ಕೆ ತಲುಪಿಸಿದರು. ಅಲ್ಲಿ ಚರ್ಮದ ಬೆನ್ನಿನ ಒಂದು ದಪ್ಪ ರಿಜಿಸ್ಟರ್ ಇದೆ. ಯಾವ ಕಾಲದಲ್ಲಿ ಯಾರು ಅಚ್ಚು ಹಾಕಿಸಿದರೋ ಗೊತ್ತಿಲ್ಲ, ಅದು ತುಂಬಿದ ಹಾಗೆಲ್ಲ ಅದೇ ನಮೂನೆಯ ಹೊಸದನ್ನು ತರಿಸುತ್ತಾ ಬಂದಿದ್ದಾರೆ. ಅದರ ಏಳನೆಯ ಕಾಲಮ್ಮಿನ ತಲೆಯ ಮೇಲೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ವಿರಾಜಮಾನವಾಗಿದೆ. ಎಂಟನೆಯದು 'ಪಡೆದವರ ಸಹಿ', ಒಂಬತ್ತನೆಯದು 'ಷರಾ'. ನಮ್ಮ ಏಣಿಯ ಸಾಲಿನಲ್ಲಿ, ತಮ್ಮ ಹೆಸರಿನ ಕೆಳಗೆ, ಕೆಂಪು ಶಾಯಿಯ ಒಂದು ಟಿಕ್ ಗುರುತು ಬಿದ್ದಿತ್ತು.

ಉಗ್ರಾಣದ ಸಾಹೇಬರ ಬಗ್ಗೆ ಒಂದು ಕೆಟ್ಟ ಮಾತನ್ನೂ ಆಡಲಾರೆ. ಹೋದಾಗಲೆಲ್ಲ ಕುರ್ಚಿ ಕೊಟ್ಟಿದ್ದಾರೆ, ನೀರು ಕೊಟ್ಟಿದ್ದಾರೆ, ಏಣಿಯೊಂದನ್ನು ಬಿಟ್ಟು ಕೇಳಿದ್ದೆಲ್ಲ ಕೊಟ್ಟಿದ್ದಾರೆ. "ನೋಡಮ್ಮ, ಏಳನೇ ಕಾಲಮ್ಮಲ್ಲಿ ಟಿಕ್ ಬಿದ್ದಿದೆ. ಟಿಕ್ ಬಿದ್ದಿದ್ದು ಹೊರಗೆ ಹೋಗಲ್ಲ" ಎಂದರು. ಏಳನೆಯ ಕಾಲಮ್ಮು ಎಂದರೇನು ಎಂದು ಕೇಳಿದೆ. ಅವರು ತಲೆ ಕೆರೆದುಕೊಂಡು, ತಮಗೆ ಇಪ್ಪತ್ತಾರು ವರ್ಷ ಸರ್ವೀಸಾಯಿತೆಂದೂ, ಅದರ ಅರ್ಥ ತಮಗೆ ಹೇಳಿದವರಿಲ್ಲವೆಂದೂ, ಹಿಂದಿನ ಸಾಹೇಬರು ಕೀಲಿಕೈ ಕೊಡುವಾಗ "ಸಾವಿನ ಕೇಸಲ್ಲಿ ಬಂದಿದ್ದಕ್ಕೆಲ್ಲ ಏಳರಲ್ಲಿ ಟಿಕ್ ಹಾಕಪ್ಪ" ಎಂದಷ್ಟೇ ಹೇಳಿ ನಿವೃತ್ತರಾದರೆಂದೂ ತಿಳಿಸಿದರು. ಜಾಲರಿಯ ಹೊರಗೆ ನಿಂತು ಏಣಿಯನ್ನು ನೋಡಲು ಅವಕಾಶ ಕೊಟ್ಟರು. ಒಂದು ತುಕ್ಕು ಹಿಡಿದ ಮಂಚ, ಎರಡು ಚಕ್ರದ ಕೈಗಾಡಿ ಮತ್ತು ಯಾರದೋ ಬೀರುವಿನ ಅಡಿಯಲ್ಲಿ ಅದು ಅಂಗಾತ ಮಲಗಿತ್ತು. ಹದಿನಾಲ್ಕು ಮೆಟ್ಟಿಲುಗಳಲ್ಲಿ ಮೇಲಿನ ಮೂರು ಮಾತ್ರ ಕಂಡವು.

ನನಗೆ ನೋಡಬೇಕಾಗಿದ್ದುದು ಒಂಬತ್ತನೆಯದು. ಯಾಕೆಂದು ಹೇಳದಿದ್ದರೆ, ಒಂದು ಮರದ ಏಣಿಗಾಗಿ ಇವಳೇಕೆ ಇಷ್ಟು ರಂಪ ಮಾಡುತ್ತಾಳೆ ಎಂದು ತಮಗೆ ಅನ್ನಿಸಬಹುದು.

ನಮ್ಮ ಅಮ್ಮ ಪಾರ್ಸೆಲ್ ಕಚೇರಿಯಲ್ಲಿ ಕಟ್ಟು ಕಟ್ಟುವ ಕೆಲಸದವರು. ಅವರು ಹಾಕಿದ ಗಂಟನ್ನು ಬಿಚ್ಚಲಾಗದೆ ಪಾರ್ಸೆಲ್ ಪಡೆದವರು ಕತ್ತರಿ ಹುಡುಕುತ್ತಿದ್ದರು. ಕಳೆದ ವರ್ಷ ಏಣಿಯ ಒಂಬತ್ತನೆಯ ಮೆಟ್ಟಿಲು ಕಂಬದಲ್ಲಿ ಸಡಿಲವಾದಾಗ, ಅಪ್ಪ ಹೊಸದು ಹಾಕಿಸುತ್ತೇನೆ ಎನ್ನುತ್ತಾ ಇಂದು ನಾಳೆ ಎಂದು ದಿನ ತಳ್ಳಿದರು; ಅಮ್ಮ "ನೀವು ಹಾಕಿಸೋ ಹೊತ್ತಿಗೆ ನಮ್ಮ ಮೊಮ್ಮಕ್ಕಳು ಏಣಿ ಹತ್ತುತಾರೆ" ಎಂದು ಗೊಣಗಿ, ಪಾರ್ಸೆಲ್ ಹುರಿಯನ್ನು ಹನ್ನೊಂದು ಸುತ್ತು ಸುತ್ತಿ, ಮೆಟ್ಟಿಲನ್ನು ಕಂಬಕ್ಕೆ ಬಿಗಿದು ಗಂಟು ಹಾಕಿದರು. ಅಪ್ಪನ ತೋಳು ಇದ್ದದ್ದು ಆ ಮೆಟ್ಟಿಲಲ್ಲಿ. ಹೀಗಿರುವಾಗ, ಸಾವಿನ ಕೇಸಿನ ಮಾಲೆಂದು ಏಣಿಗೆ ಸರ್ಕಾರದ ಪುಸ್ತಕದಲ್ಲಿ ಕೆಂಪು ಗುರುತು ಬಿದ್ದಿದೆ ಎಂಬುದು ಅಮ್ಮನ ಕಿವಿಗೆ ಬಿತ್ತು; ಅಂದರೆ ಸಾವಿಗೆ ಏಣಿಯೇ ಕಾರಣವೆಂದು ಅವರು ಅರ್ಥ ಮಾಡಿಕೊಂಡರು. "ಎದೆ ಸುಮ್ಸುಮ್ನೆ ನಿಲ್ಲುತ್ತೇನೆ? ಮೆಟ್ಟಿಲು ಅಲ್ಲಾಡಿರ್ಬೇಕು, ಅವ್ರು ಬೆಚ್ಚಿರ್ಬೇಕು. ನನ್ನ ಗಂಟು ಸಡ್ಲ ಬಿದ್ದಿದೆ" ಎಂದರು. ವೈದ್ಯರ ಚೀಟಿ ತೋರಿಸಿದೆ, ಕನ್ನಡಕದ ಅಂಗಡಿಯವರನ್ನು ಕರೆದುಕೊಂಡು ಬಂದು ಹೇಳಿಸಿದೆ. "ಅವರೆಲ್ಲ ನನ್ನ ಸಮಾಧಾನಕ್ಕೆ ಹೇಳ್ತಾರೆ. ಸರ್ಕಾರದೋರಿಗೆ ನನ್ನ ಸಮಾಧಾನ ಯಾಕೆ ಬೇಕು? ಅವರು ಇದ್ದಿದ್ದೇ ಬರೀತಾರೆ" ಎಂದುಬಿಟ್ಟರು. ಮಾರನೆಯ ದಿನದಿಂದ ಪಾರ್ಸೆಲ್ ಕಚೇರಿಗೆ ಹೋಗುವುದನ್ನು ನಿಲ್ಲಿಸಿದರು. ತರಕಾರಿ ಚೀಲದ ಬಾಯಿಯನ್ನೂ ನನ್ನ ಕೈಯಲ್ಲೇ ಕಟ್ಟಿಸುತ್ತಾರೆ. ಸಂಜೆ ನಾನು ಬಾಗಿಲು ತೆಗೆದರೆ ಸಾಕು, "ಏಣಿ ಕೊಟ್ರಾ?" ಎಂಬ ಒಂದೇ ಪ್ರಶ್ನೆ. ಮಹಾಶಯರೇ, ತಮ್ಮ ಒಂದು ಟಿಕ್ಕಿನಿಂದ ನಮ್ಮ ಮನೆಯಲ್ಲಿ ಆದದ್ದು ಇಷ್ಟು.

ತಾವು ಯಾರೆಂದು ತಿಳಿಯದೆ ತಮ್ಮೊಡನೆ ವ್ಯವಹರಿಸುವುದು ಮರ್ಯಾದೆಯಲ್ಲವೆಂದು ನಾನು ಗ್ರಂಥಾಲಯಕ್ಕೆ ಹೋದೆ. ಅಲ್ಲಿನ ಅಕ್ಕನಿಗೆ ಹಿಂದೊಮ್ಮೆ 'ಮೌನವಾಗಿರಿ' ಎಂಬ ಫಲಕ ಬರೆದುಕೊಟ್ಟಿದ್ದೆನಾದ್ದರಿಂದ, ಅವರು ನನಗಾಗಿ ಸ್ವಲ್ಪ ಸದ್ದು ಮಾಡಿಕೊಂಡೇ ಏಣಿ ಹತ್ತಿ (ಅವರಿಗೆ ಏಣಿ ಇದೆ) ದಪ್ಪದೊಂದು ಕಾನೂನು ನಿಘಂಟನ್ನು ಇಳಿಸಿದರು; ಇಬ್ಬರೂ ಕೂತು ತಮ್ಮ ವಂಶಾವಳಿಯನ್ನು ಓದಿದೆವು. ಓದುತ್ತಾ ಓದುತ್ತಾ ತಮ್ಮ ಮೇಲಿನ ಗೌರವ ನೂರ್ಮಡಿಯಾಯಿತು. ತಾವು ಹುಟ್ಟಿದ್ದು ಲ್ಯಾಟಿನ್ ಮನೆತನದಲ್ಲಿ, 'ದೇವರಿಗೆ ಕೊಡತಕ್ಕದ್ದು' ಎಂಬ ಅರ್ಥದ ಎರಡು ಪದಗಳಿಗೆ. ಫ್ರೆಂಚ್ ಮಾತನಾಡುವ ವಕೀಲರ ಕೈ ಹಿಡಿದು ಇಂಗ್ಲೆಂಡಿನ ನ್ಯಾಯಾಲಯಗಳಿಗೆ ಬಂದಿರಿ. ಯಾವ ವಸ್ತುವಿನಿಂದ ಒಬ್ಬ ಮನುಷ್ಯನ ಸಾವಾಯಿತೋ ಆ ವಸ್ತು ದೇವರಿಗೆ ಸೇರಬೇಕು ಎಂಬುದು ತಮ್ಮ ತತ್ವ. ಹಾಗೆ ಬಂಡಿಯ ಚಕ್ರವನ್ನು ಹಿಡಿದಿರಿ, ಗೂಳಿಯನ್ನು ಹಿಡಿದಿರಿ, ಕುದುರೆಯನ್ನು ಹಿಡಿದಿರಿ. ವಸ್ತುವಿಗೂ ಪಾಪ ಅಂಟುತ್ತದೆ ಎಂದು ನಂಬಿದ ಆ ಕಾಲದ ಜನರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸತ್ತವರ ಮೇಲಿನ ಸಂಕಟವನ್ನು ಅವರು ಎಲ್ಲಾದರೂ ಇಡಬೇಕಿತ್ತು. ಆದರೆ ವಸ್ತು ದೇವರಿಗೆಂದು ಹೊರಟು, ದಾರಿಯಲ್ಲಿ ರಾಜರ ಬೊಕ್ಕಸದಲ್ಲಿ ಇಳಿದುಕೊಳ್ಳುತ್ತಿತ್ತಂತೆ, ದಾನಧರ್ಮಕ್ಕೆ ಬಳಸುತ್ತೇವೆ ಎಂಬ ಮಾತಿನ ಮೇಲೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ತಾವು ಕೇಳಿರಲಾರಿರಿ, ಆದರೆ ಚೆನ್ನಾಗಿಯೇ ಪಾಲಿಸಿದ್ದೀರಿ.

ಮುಂದಿನ ಪುಟಕ್ಕೆ ತಿರುಗಿಸಿದೆವು. ರೈಲು ಬಂದ ಮೇಲೆ ತಾವು ರೈಲು ಎಂಜಿನ್ನಿನ ಮೇಲೂ ಕೈಹಾಕತೊಡಗಿದಿರಿ. ದೊಡ್ಡವರ ಬಾಲ ತುಳಿದಂತಾಯಿತು. ೧೮೪೬ರಲ್ಲಿ ಅಲ್ಲಿನ ಸಂಸತ್ತು ತಮ್ಮನ್ನು ರದ್ದುಗೊಳಿಸಿತು. ಮಾನ್ಯರೇ, ಹೀಗಿದ್ದೂ ತಾವು ನಿವೃತ್ತರಾಗಿ ಒಂದೂಮುಕ್ಕಾಲು ಶತಮಾನದ ಮೇಲೂ ಬೇರೊಂದು ನಾಡಿನ ಉಗ್ರಾಣದಲ್ಲಿ, ಒಂದು ದಿನವೂ ರಜೆ ಹಾಕದೆ, ಏಳನೆಯ ಕಾಲಮ್ಮಿನಲ್ಲಿ ಕರ್ತವ್ಯ ನಿರ್ವಹಿಸುತ್ತಿದ್ದೀರಲ್ಲ, ಇಂಥ ಸೇವಾನಿಷ್ಠೆಯನ್ನು ನಾನು ಜೀವಮಾನದಲ್ಲೇ ಕಂಡಿಲ್ಲ. ನಮ್ಮ ಬೀದಿಯ ನಲ್ಲಿ ರಿಪೇರಿಯವರಿಗೆ ತಮ್ಮ ಅರ್ಧದಷ್ಟು ನಿಷ್ಠೆ ಇದ್ದಿದ್ದರೆ ನಮಗೆ ನೀರಿಗೆ ಬರವಿರುತ್ತಿರಲಿಲ್ಲ.

ಆ ಪುಟಗಳ ನಕಲು ಹಿಡಿದು ಗೆದ್ದವಳಂತೆ ಉಗ್ರಾಣಕ್ಕೆ ಓಡಿದೆ. ಅಲ್ಲೇ ನಾನು ಎಡವಿದ್ದು. ಸಾಹೇಬರು ನಿಧಾನವಾಗಿ ಓದಿ, ಇಪ್ಪತ್ತಾರು ವರ್ಷದ ಒಗಟು ಬಿಡಿಸಿದ ಸಂತೋಷಕ್ಕೆ ಎದ್ದು ನಿಂತು ನನಗೆ ಕೈ ಮುಗಿದರು. ಆಮೇಲೆ ಕೂತರು, ಮುಖ ಗಂಭೀರವಾಯಿತು. "ಇಷ್ಟು ದಿನ ಗೊತ್ತಿರ್ಲಿಲ್ಲ, ಕೊಟ್ರೂ ಕೊಡ್ತಿದ್ನೇನೋ. ಈಗ ದೇವರ ಮಾಲು ಅಂತ ಗೊತ್ತಾದ್ಮೇಲೆ ನಿಮಗೆ ಹೆಂಗಮ್ಮ ಕೊಡ್ಲಿ?" ಎಂದರು. ಎಂಟನೆಯ ಕಾಲಮ್ಮಿನಲ್ಲಿ ಪಡೆದವರ ಸಹಿ ಬೇಕು. ಏಳರ ಪ್ರಕಾರ ಪಡೆಯತಕ್ಕವರು ದೇವರು. ಆದ್ದರಿಂದ ದೇವರಾಗಲಿ, ಅವರ ಅಧಿಕೃತ ಪ್ರತಿನಿಧಿಯಾಗಲಿ ಬಂದು ಸಹಿ ಮಾಡತಕ್ಕದ್ದು. ತಾವು ನಿವೃತ್ತರಾದ ಸಂಗತಿಯನ್ನು ಎತ್ತಿದೆ. ಆ ಆದೇಶದ ಪ್ರತಿ ಉಗ್ರಾಣದ ಕಚೇರಿಗೆ ಇದುವರೆಗೆ ಬಂದಿಲ್ಲವೆಂದು, ಅದೂ ಟಪಾಲು ಪುಸ್ತಕ ತೆರೆದು ನೋಡಿಯೇ ಹೇಳಿದರು. ಹಾಗಾದರೆ ಟಿಕ್ಕನ್ನಾದರೂ ಅಳಿಸಿ ಎಂದೆ. ಎಂಟರಲ್ಲಿ ಸಹಿ ಬೀಳದೆ ಏಳನ್ನು ಅಳಿಸುವಂತಿಲ್ಲ, ಏಳು ಅಳಿಯದೆ ಎಂಟರಲ್ಲಿ ನಾನು ಸಹಿ ಹಾಕುವಂತಿಲ್ಲ. ಮದುವೆಯಾಗದೆ ಹುಚ್ಚು ಬಿಡುವುದಿಲ್ಲ, ಹುಚ್ಚು ಬಿಡದೆ ಮದುವೆಯಾಗುವುದಿಲ್ಲ.

ಆದ ಕಾರಣ ಆಗಲೇ ತಮ್ಮಲ್ಲಿ ನಾನು ಮನಸ್ಸಿನಲ್ಲೇ ಸಲ್ಲಿಸಿದ್ದ ವಿನಂತಿಯನ್ನು ಇಲ್ಲಿ ಬರಹದಲ್ಲಿ ಸಲ್ಲಿಸುತ್ತೇನೆ. ಯಾವುದಾದರೂ ಕೆಲಸದ ದಿನ ಹತ್ತೂವರೆಯಿಂದ ಒಂದರ ಒಳಗೆ, ಗುರುತಿನ ಚೀಟಿ ಮತ್ತು ನಿವೃತ್ತಿ ಆದೇಶದ ಮೂಲಪ್ರತಿಯೊಡನೆ ತಾವು ಖುದ್ದಾಗಿ ಹಾಜರಾಗಬೇಕು. ಬರುವಾಗ ದೇವರನ್ನೂ ಕರೆತಂದರೆ ಇಬ್ಬರ ಕೆಲಸವೂ ಒಂದೇ ಸಲಕ್ಕೆ ಮುಗಿಯುತ್ತದೆ. ಅವರಿಗೆ ಬಿಡುವಿಲ್ಲದಿದ್ದರೆ ಒಂದು ಅಧಿಕಾರಪತ್ರ ಸಾಕು. ಅದೂ ಆಗದಿದ್ದರೆ ಹೆಬ್ಬೆಟ್ಟಿನ ಗುರುತೂ ನಡೆಯುತ್ತದೆಂದು ಸಾಹೇಬರು ದೊಡ್ಡ ಮನಸ್ಸು ಮಾಡಿ ತಿಳಿಸಿದ್ದಾರೆ.

ತಾವು ಬರಲಿಲ್ಲ. ನಾನು ಮತ್ತೆ ಗ್ರಂಥಾಲಯದ ಅಕ್ಕನ ಬಳಿ ಹೋದೆ. ಆಗ ತಮ್ಮದೇ ಒಂದು ಸೂಕ್ಷ್ಮ ಕಣ್ಣಿಗೆ ಬಿತ್ತು: ವಸ್ತು ಚಲಿಸುತ್ತಿದ್ದಾಗ ಸಾವಾದರೆ ಇಡೀ ವಸ್ತು ತಮ್ಮ ಪಾಲು, ನಿಂತಿದ್ದ ವಸ್ತುವಾದರೆ ಸಾವಿಗೆ ನೇರವಾಗಿ ಕಾರಣವಾದ ಭಾಗ ಮಾತ್ರ. ಓಡುವ ಬಂಡಿಯಾದರೆ ಇಡೀ ಬಂಡಿ, ನಿಂತ ಬಂಡಿಯ ಚಕ್ರ ಹತ್ತಿ ಬಿದ್ದರೆ ಚಕ್ರವೊಂದೇ. ನಮ್ಮ ಏಣಿ ಓಡಿದ್ದನ್ನು ಯಾರೂ ಕಂಡಿಲ್ಲವೆಂದು ನಾನು ಅರ್ಜಿ ಬರೆದೆ. ಸಾಹೇಬರು ಅದನ್ನು ಮೇಲಿನವರಿಗೆ ಕಳಿಸಿದರು. ಮೇಲಿನವರು ಏಳು ವಾರ ಯೋಚಿಸಿ, ಏಣಿಯು ಸ್ಥಿರವಾಗಿದ್ದುದರಿಂದ ಅದನ್ನು ಅರ್ಜಿದಾರಳಿಗೆ ಬಿಟ್ಟುಕೊಡಬಹುದೆಂದೂ, ಮೃತರ ದೇಹವು ತಗುಲಿಕೊಂಡಿದ್ದ ಒಂಬತ್ತನೆಯ ಮೆಟ್ಟಿಲನ್ನು ಮಾತ್ರ ಬೇರ್ಪಡಿಸಿ ಇರಿಸಿಕೊಳ್ಳತಕ್ಕದ್ದೆಂದೂ ಅಪ್ಪಣೆ ಮಾಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಕೇಳಿದ್ದೆ. ಎತ್ತನ್ನು ಮಡಿಲಲ್ಲಿ ಹಿಡಿದುಕೊಂಡವರಿಗೇ ಬರೆ ಹಾಕುವುದನ್ನು ಅಂದು ಕಂಡೆ. ಅಪ್ಪ ನೆಲಕ್ಕೆ ಬೀಳದಂತೆ ಹತ್ತು ನಿಮಿಷ ಹಿಡಿದುಕೊಂಡದ್ದು ಆ ಮೆಟ್ಟಿಲು. ನನಗೆ ಬಂದ ಸಿಟ್ಟಿನಲ್ಲಿ ಆ ರಿಜಿಸ್ಟರನ್ನು ಹರಿದು ಹಾಕಬೇಕೆನ್ನಿಸಿತು. ಹರಿಯಲಿಲ್ಲ, ಅದರ ಬೆನ್ನು ಬಹಳ ಗಟ್ಟಿ.

ಮೆಟ್ಟಿಲು ಬೇರ್ಪಡಿಸುವ ದಿನ ಕಚೇರಿಯ ಬಡಗಿ ಬಂದರು. ಮಂಚ, ಕೈಗಾಡಿ, ಬೀರು ಎಲ್ಲ ಸರಿಸಿ ಏಣಿಯನ್ನು ಅಂಗಳಕ್ಕೆ ತಂದಿಟ್ಟು, ಹುರಿ ಬಿಚ್ಚಿದರೆ ಮೆಟ್ಟಿಲು ತಾನಾಗಿ ಕೈಗೆ ಬರುತ್ತದೆ ಎಂದು ಕೂತರು. ಉಗುರಿನಿಂದ ನೋಡಿದರು, ಮೊಳೆಯಿಂದ ನೋಡಿದರು, ಇಕ್ಕಳ ಹಾಕಿ ನೋಡಿದರು. ಹುರಿಯನ್ನೇ ಕುಯ್ದುಬಿಡುತ್ತೇನೆ ಎಂದದ್ದಕ್ಕೆ, ಆದೇಶದಲ್ಲಿ ಮೆಟ್ಟಿಲು ಎಂದಿದೆಯೇ ಹೊರತು ಹುರಿ ಎಂದಿಲ್ಲವೆಂದು ಸಾಹೇಬರು ತಡೆದರು. ಅರ್ಧ ಗಂಟೆಯಾದ ಮೇಲೆ ಬಡಗಿ ಬೆವರು ಒರೆಸಿಕೊಳ್ಳುತ್ತಾ, "ಇದ್ಯಾವ ಮಹಾತಾಯಿ ಹಾಕಿದ ಗಂಟಪ್ಪ! ಏಣಿ ಮುರಿದ್ರೂ ಇದು ಬಿಡಲ್ಲ" ಎಂದರು. ಕೊನೆಗೆ ಗಂಟಿನ ಪಕ್ಕದಲ್ಲಿ ಗರಗಸ ಇಟ್ಟು, ಎರಡೂ ಕಡೆ ಮೆಟ್ಟಿಲನ್ನು ಕೊಯ್ದರು. ಗಂಟು, ಅದರ ಹಿಡಿತದಲ್ಲಿದ್ದ ಎರಡು ಬೆರಳಷ್ಟು ಮರದ ತುಂಡಿನೊಡನೆ, ಕಂಬದಲ್ಲೇ ಉಳಿಯಿತು. ಮೆಟ್ಟಿಲಿಗೆ ಚೀಟಿ ಕಟ್ಟಿ ಒಳಗಿಟ್ಟರು.

ನಾನು ಬಡಗಿಯ ಮಾತು ಕೇಳಿದ ಕೂಡಲೇ ಸಾಹೇಬರ ಮೇಜಿನ ಮುಂದೆ ಹೋಗಿ ನಿಂತಿದ್ದೆ. ಈ ಸಂಗತಿಯನ್ನು ಷರಾ ಕಾಲಮ್ಮಿನಲ್ಲಿ ಬರೆಯಬೇಕು, ಬರೆದು, ಮೊಹರು ಹಾಕಿ, ನನಗೊಂದು ದೃಢೀಕೃತ ನಕಲು ಕೊಡಬೇಕು, ಕೊಡುವ ತನಕ ಏಣಿ ಎತ್ತುವುದಿಲ್ಲ ಎಂದು ಪಟ್ಟು ಹಿಡಿದೆ. ಸಾಹೇಬರು ಯಾಕೆ ಎಂದು ಕೇಳಿದರು. ಅಮ್ಮನ ವಿಷಯ ಹೇಳಿದೆ. ಅವರು ಕೆಂಪು ಶಾಯಿಯ ಪೆನ್ನನ್ನು ಬದಿಗಿಟ್ಟು, ನೀಲಿ ಶಾಯಿಯಲ್ಲಿ ಬಹಳ ಹೊತ್ತು ತೆಗೆದುಕೊಂಡು ಬರೆದರು: 'ಒಂಬತ್ತನೆಯ ಮೆಟ್ಟಿಲಿಗೆ ಹಾಕಿದ್ದ ಗಂಟನ್ನು ಬಿಚ್ಚಲು ಅರ್ಧ ಗಂಟೆ ಪ್ರಯತ್ನಿಸಲಾಯಿತು. ಬಿಚ್ಚಲಾಗಲಿಲ್ಲ. ಗಂಟು ಭದ್ರವಾಗಿರುವುದನ್ನು ಖುದ್ದು ಪರಿಶೀಲಿಸಿದ್ದೇನೆ.' ಒಂದರ ಬದಲು ಎರಡು ಮೊಹರು ಹಾಕಿದರು.

ಏಣಿಯನ್ನು ಹೊತ್ತು ತಂದು ಮನೆಯ ಪಡಸಾಲೆಯಲ್ಲಿ ಒರಗಿಸಿದೆ. ಅಮ್ಮ ಅದರ ಹತ್ತಿರ ಬರಲಿಲ್ಲ. ಮೊದಲು ನಕಲು ಕೊಟ್ಟೆ. ಕಿಟಕಿಯ ಬಳಿ ಹೋಗಿ ಎರಡು ಸಲ ಓದಿದರು, ಮೊಹರನ್ನು ಮುಟ್ಟಿ ನೋಡಿದರು. ಆಮೇಲೆ ಏಣಿಯ ಬಳಿಗೆ ಬಂದು, ಕೆಳಗಿನಿಂದ ಒಂದೊಂದೇ ಮೆಟ್ಟಿಲು ಎಣಿಸಿ, ಇಲ್ಲದ ಒಂಬತ್ತನೆಯದರ ಜಾಗದಲ್ಲಿ ಗಂಟಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದರು. "ಬಿಗಿಯಾಗೇ ಇದೆ ಕಣೇ" ಎಂದರು. ಮತ್ತೊಮ್ಮೆ ಒತ್ತಿ, "ಕೊನೇವರ್ಗೂ ಅವ್ರನ್ನ ಬಿಟ್ಟಿಲ್ಲ" ಎಂದು ಕಂಬ ಹಿಡಿದುಕೊಂಡು ಅತ್ತರು. ಹನ್ನೊಂದು ತಿಂಗಳಲ್ಲಿ ಅವರು ಅತ್ತದ್ದು ಅದೇ ಮೊದಲು, ನಾನೂ ಅತ್ತೆ.

ಮಾರನೆಯ ಬೆಳಗ್ಗೆ ನಾನು ಏಳುವಷ್ಟರಲ್ಲಿ ಅಮ್ಮ ಎಲ್ಲಿಂದಲೋ ಒಂದು ಗಟ್ಟಿ ಮರದ ಕೋಲು ತಂದು, ಹಳೆಯ ಗಂಟನ್ನು ಮುಟ್ಟದೆ, ಅದರ ಮೇಲೆಯೇ ಅಡ್ಡಲಾಗಿ ಇಟ್ಟು ಎರಡೂ ಕಡೆ ಹುರಿ ಸುತ್ತುತ್ತಿದ್ದರು. ಸೋಮವಾರ ಪಾರ್ಸೆಲ್ ಕಚೇರಿಗೆ ಹೋದರು. ನಾನು ಅದೇ ಏಣಿಯನ್ನು ಕನ್ನಡಕದ ಅಂಗಡಿಯ ಗೋಡೆಗೆ ಇಟ್ಟು, ಎಡದ ತೋಳನ್ನು ಒಂಬತ್ತನೆಯ ಮೆಟ್ಟಿಲಲ್ಲಿ ತೂರಿಸಿ, ಅಪ್ಪ ಬಿಟ್ಟಲ್ಲಿಂದ ಗೀಟು ಮುಂದುವರಿಸಿದೆ. ನನ್ನ ಅರ್ಧ ಅವರ ಅರ್ಧದಷ್ಟು ನೆಟ್ಟಗೆ ಬಂದಿಲ್ಲ. ಕನ್ನಡಕದ ಅಂಗಡಿಯವರು ಕನ್ನಡಕ ಹಾಕಿಕೊಂಡು ನೋಡಿಯೂ ಸುಳ್ಳು ಹೇಳಿದರು.

ಇಷ್ಟಾದರೂ ಮಾನ್ಯರೇ, ನಮ್ಮ ಮೆಟ್ಟಿಲು ತಮ್ಮ ಹೆಸರಿನ ಕೆಳಗೆ, ಆ ಕೆಂಪು ಟಿಕ್ಕಿನ ಸಮೇತ, ಇನ್ನೂ ಒಳಗೇ ಇದೆ. ಹತ್ತಿದ ಏಣಿಯನ್ನು ಒದೆಯುವವರನ್ನು ಲೋಕ ಬಯ್ಯುತ್ತದೆ; ತಾವೆಂದೂ ಹತ್ತದ ಏಣಿಯ ಮೇಲೆ ಕೊಲೆಯ ಆಪಾದನೆ ಹೊರಿಸಿದ ತಮ್ಮನ್ನು ಏನೆಂದು ಕರೆಯಬೇಕೋ ನನಗೆ ತೋಚುತ್ತಿಲ್ಲ, ಆದ್ದರಿಂದ 'ಮಾನ್ಯರೇ' ಎಂದೇ ಮುಂದುವರಿಸುತ್ತೇನೆ. ಆ ಮೆಟ್ಟಿಲು ನಿಜವಾಗಿಯೂ ದೇವರಿಗೆ ಸಲ್ಲತಕ್ಕದ್ದೇ ಆಗಿದ್ದರೆ ನನ್ನ ತಕರಾರಿಲ್ಲ. ಆದರೆ ಕೊಡುವಾಗ ಕೊಲೆಗಾರನೆಂದು ಕೊಡಬೇಡಿ, ಸಾಕ್ಷಿಯೆಂದು ಕೊಡಿ. ಅದರ ಮೇಲಿರುವ ಬಣ್ಣದ ಕಲೆಗಳನ್ನು ತೋರಿಸಿ, ಇದರಲ್ಲಿ ತೋಳಿಟ್ಟವರು ಮೂವತ್ತೆಂಟು ವರ್ಷ ಗೀಟು ನೆಟ್ಟಗೆ ಎಳೆದವರು ಎಂದು ಒಂದು ಮಾತು ಹೇಳಿ.

ಉತ್ತರ ಬಾರದೆಂದು ತಿಳಿದೂ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಗೀಟು ಮಾಸ್ತರ ಮಗಳು
(ಫಲಕ ಬರೆಯುವವಳು)

ತಾ.ಕ.: ಅರ್ಥ ತಿಳಿದ ಮೇಲೆ ಸಾಹೇಬರಿಗೆ ತಮ್ಮ ಮೇಲೆ ಅಭಿಮಾನ ಉಕ್ಕಿದೆ. ದೇವರ ಮಾಲುಗಳಿಗೆಂದೇ ಪ್ರತ್ಯೇಕ ಕಪಾಟು ಮಾಡಿಸಿ, ಅದರ ಮೇಲೆ ತಮ್ಮ ಹೆಸರನ್ನು ದಪ್ಪ ಅಕ್ಷರಗಳಲ್ಲಿ ಬರೆಯುವ ಕೆಲಸವನ್ನು ನನಗೇ ವಹಿಸಿದ್ದಾರೆ. ಕಪಾಟು ಎತ್ತರವಿದೆ, ನಮ್ಮ ಏಣಿಯನ್ನೇ ತರುತ್ತೇನೆ. ಬರೆಯುವಾಗ ನಾನು ಜಾರಿ ಬಿದ್ದು ಸತ್ತರೆ ದಯವಿಟ್ಟು ಏಣಿಯ ತಂಟೆಗೆ ಹೋಗಬೇಡಿ, ಅದರ ಗಂಟುಗಳು ಭದ್ರವಾಗಿವೆ ಎಂಬುದಕ್ಕೆ ಎರಡು ಮೊಹರಿನ ದಾಖಲೆಯಿದೆ. ನಾನು ಅಷ್ಟೆತ್ತರ ಹತ್ತಿದ್ದಕ್ಕೆ ನೇರ ಕಾರಣ ತಮ್ಮ ಹೆಸರು. ಆದ್ದರಿಂದ ತಮ್ಮದೇ ನಿಯಮದ ಪ್ರಕಾರ ಅದನ್ನು ಗರಗಸದಿಂದ ಕೊಯ್ದು, ಚೀಟಿ ಕಟ್ಟಿ ಒಳಗಿಡಬೇಕಾಗಿ ಕೋರಿಕೆ. ಸಹಿ ಮಾಡಿ ಬಿಡಿಸಿಕೊಳ್ಳಲು ದೇವರು ಯಾವಾಗ ಬರುತ್ತಾರೋ ಅಲ್ಲಿಯವರೆಗೆ ತಾವೂ ಕಾಯಿರಿ.